ಫಾರಂನಿಂದ ಮಂಡ್ಯಕ್ಕೆ, ಕೂಸಿನ ಜೊತೆ

ವಿ.ಸಿ. ಫಾರಂನ ರಾಗಿ ತಾಕಿನ ಬದುವಿನ ಮೇಲೆ ನಡೆಯುತ್ತಿದ್ದೇನೆ. ತಾಕು ತಾಕಿಗೂ ತಳಿಯ ಹೆಸರು ಬರೆದ ಸಣ್ಣ ಫಲಕ. ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಹರಿಯತೊಡಗಿದ 1930ರ ದಶಕದಲ್ಲಿ ಬೆಳೆದು ನಿಂತ ಜಾಗ ಇದು. ಇರ್ವಿನ್ ನಾಲೆ ವಿಶ್ವೇಶ್ವರಯ್ಯ ನಾಲೆಯಾಯಿತು, ಫಾರಂ ವಿ.ಸಿ. ಫಾರಂ ಆಯಿತು. 1991ರಿಂದ ಕೃಷಿ ಕಾಲೇಜೂ ಇಲ್ಲಿದೆ. ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟರಲ್ಲ, ಈ ಫಾರಂ ರಾಗಿಗೆ ಹೆಸರಾದದ್ದು ಆ ಕೆಲಸದಿಂದ. ರಾಗಿಯ ಹೂವು ಬರಿಗಣ್ಣಿಗೆ ಸಿಕ್ಕೂ ಸಿಗದಷ್ಟು ಚಿಕ್ಕದು. ಅದರ ಮೇಲೆ ಬಗ್ಗಿ ಕೂತು ದಿನಗಟ್ಟಲೆ ಕೈ ಆಡಿಸುವ ತಾಳ್ಮೆ ಎಲ್ಲರಿಗೂ ಬರುವಂಥದ್ದಲ್ಲ.

ಈ ತಾಕುಗಳಲ್ಲಿ ವರ್ಷಾನುಗಟ್ಟಲೆ ಕಳೆ ಕಿತ್ತ ಹೆಂಗಸೊಬ್ಬರ ಮನೆಗೆ ಹೊರಟಿದ್ದೇನೆ. ನನ್ನ ತಂಗಿಯ ಮಗಳನ್ನು ಕೊಟ್ಟ ಮನೆ. ಮೂವತ್ತೊಂದನೇ ವಾರಕ್ಕೇ ಹೆರಿಗೆಯಾಗಿ, ಹುಟ್ಟಿದಾಗ 1,280 ಗ್ರಾಂ ಇದ್ದ ಕೂಸು ಈಗ ಅಜ್ಜಿಯ ತೊಡೆಯ ಮೇಲೆ ಕಾಲು ಝಾಡಿಸುತ್ತಿದೆ. ಇವತ್ತು ಅದನ್ನು ಮಂಡ್ಯಕ್ಕೆ ಮರುತಪಾಸಣೆಗೆ ಕರೆದೊಯ್ಯಬೇಕು. ಅಜ್ಜಿ ಒಂದು ಚೀಲದಲ್ಲಿ ರಾಗಿಹಿಟ್ಟು, ಇನ್ನೊಂದರಲ್ಲಿ ಅಚ್ಚುಬೆಲ್ಲ ಕಟ್ಟಿಟ್ಟಿದ್ದಾರೆ. "ಏನ್ ಕೊಟ್ರೂ ತಕಳಕಿಲ್ಲ ಆ ಸಿಸ್ಟರು. ಆದ್ರೂ ಕೈ ಬೀಸ್ಕೊಂಡು ಎಂಗೋಗದು?" ಎನ್ನುತ್ತಾರೆ.

ಬಸ್ಸಿನಲ್ಲಿ ಮಗುವಿನ ತಾಯಿ ನನ್ನ ಪಕ್ಕ ಕೂತಿದ್ದಾಳೆ. ಆಸ್ಪತ್ರೆಯಲ್ಲಿ ಏನೇನಾಯಿತು ಎಂದು ಕೇಳಿದರೆ ದೊಡ್ಡ ಮಾತು ಆಡುವುದಿಲ್ಲ, ಒಂದೊಂದೇ ಕೆಲಸ ಹೇಳುತ್ತಾಳೆ. ರಾತ್ರಿ ಪಾಳಿಯ ಸಿಸ್ಟರ್ ಮಾನಿಟರ್ ಕೂಗಿದ ತಕ್ಷಣ ಬಂದು ಕೂಸಿನ ಅಂಗಾಲನ್ನು ಬೆರಳಿನಿಂದ ಮೀಟುತ್ತಿದ್ದರಂತೆ. ತಿಂಗಳು ತುಂಬದ ಮಕ್ಕಳು ಉಸಿರಾಡುವುದನ್ನು ನಡುವೆ ಮರೆತುಬಿಡುತ್ತವೆ. ಮಿದುಳಿನ ಉಸಿರಾಟದ ಕೇಂದ್ರ ಇನ್ನೂ ಬಲಿತಿರುವುದಿಲ್ಲ. ಅದಕ್ಕೇ ಕಾಫಿಯಲ್ಲಿರುವ ಅದೇ ಕೆಫೀನನ್ನು ಔಷಧಿಯಾಗಿ ಕೊಡುತ್ತಾರೆ. ಔಷಧಿಯ ಮೇಲೂ ಉಸಿರು ನಿಂತರೆ ಅಂಗಾಲಿಗೆ ಆ ಬೆರಳೇ ತಾಗಬೇಕು. "ಮಾವ, ಎಷ್ಟು ಸಲ ಮುಟ್ಟಿದ್ರೋ ಅವ್ರು. ಪ್ರತಿ ಸಲಾನೂ ನನ್ ಮಗ ವಾಪಸ್ ಬಂದ."

ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಮಿಮ್ಸ್, 2006ರಲ್ಲಿ ಆರಂಭವಾಯಿತು. ನವಜಾತ ಶಿಶುಗಳ ವಿಶೇಷ ಘಟಕದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತೇವೆ. ಜಿಲ್ಲಾ ಆಸ್ಪತ್ರೆಗಳ ಇಂಥ ಘಟಕಗಳಿಗೆ 1,800 ಗ್ರಾಂಗಿಂತ ಕಡಿಮೆ ತೂಕದ, ಇಲ್ಲವೇ 34 ವಾರ ತುಂಬದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ನವಜಾತ ಶಿಶುವಿನ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ದಿನಗೂಲಿಯ ಮನೆಯೊಂದು ಹೊಲ ಅಡವಿಡದೆ ಮಗುವನ್ನು ಉಳಿಸಿಕೊಂಡಿತಲ್ಲ, ನನಗೆ ಇದು ಸಣ್ಣ ಮಾತಾಗಿ ಕಾಣುವುದಿಲ್ಲ.

ಹೊರಗಿನವನಾದ ನನಗೆ ಒಳಗೆ ಪ್ರವೇಶವಿಲ್ಲ, ಇರಲೂಬಾರದು. ಬಾಗಿಲು ತೆರೆದು ಮುಚ್ಚುವ ನಡುವೆ ಕಂಡಷ್ಟು ಕಾಣುತ್ತೇನೆ: ಮೇಲಿನಿಂದ ಬಿಸಿ ಸುರಿಸುವ ವಾರ್ಮರುಗಳು, ಕಾಮಾಲೆಯ ಮಕ್ಕಳ ಮೇಲೆ ನೀಲಿ ಬೆಳಕು. ಈ ಬೆಳಕಿನ ಚಿಕಿತ್ಸೆಯ ಮೂಲದಲ್ಲೂ ಒಬ್ಬ ಸಿಸ್ಟರ್ ಇದ್ದಾರೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಜೀನ್ ವಾರ್ಡ್ ಅವಧಿಗೆ ಮುನ್ನ ಹುಟ್ಟಿದ ಮಕ್ಕಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈಯ ಹಳದಿ ಇಳಿದು, ಬಟ್ಟೆಯ ಮರೆಯಲ್ಲಿದ್ದ ಕಡೆ ಮಾತ್ರ ಉಳಿದಿದ್ದನ್ನು ಅವರು ಗಮನಿಸಿ ವೈದ್ಯರಿಗೆ ತೋರಿಸಿದರು. 1958ರಲ್ಲಿ ಅಲ್ಲಿನ ವೈದ್ಯರು ಅದರ ಮೇಲೆ ಪ್ರಬಂಧ ಪ್ರಕಟಿಸಿದರು. ಇವತ್ತು ಜಗತ್ತಿನ ಯಾವ ಊರಿನಲ್ಲಿ ನೀಲಿ ಬೆಳಕು ಹೊತ್ತಿದರೂ ಆ ಕಣ್ಣಿನ ಋಣ ಅದರಲ್ಲಿದೆ.

ತಾಯಂದಿರಿಗೆ ಮಾತ್ರ ಒಳಗೆ ಜಾಗವಿದೆ. ಕೈ ತೊಳೆದು, ಗೌನು ತೊಟ್ಟು ಮಗುವಿನ ಆರೈಕೆಯಲ್ಲಿ ಅವರೂ ಕೈಜೋಡಿಸಬೇಕೆಂದು ಕೇಂದ್ರ ಸರ್ಕಾರ 2017ರಲ್ಲಿ ಮಾರ್ಗಸೂಚಿ ತಂದಿತು. ನಮ್ಮ ಹುಡುಗಿ ಕೈ ತೊಳೆಯುವುದನ್ನು ನೋಡಬೇಕು: ಅಂಗೈ, ಮುಂಗೈ, ಬೆರಳ ಸಂದಿ, ಉಗುರು, ಒಂದನ್ನೂ ಬಿಡುವುದಿಲ್ಲ. ಮನೆಯಲ್ಲೂ ಹೀಗೇ ಅಂತೆ. ಮುದ್ದಿಸಲು ಬಂದ ನೆಂಟರನ್ನೆಲ್ಲ ನಲ್ಲಿಯ ಹತ್ತಿರ ನಿಲ್ಲಿಸುತ್ತಾಳಂತೆ.

ಮಗುವನ್ನು ಬರಿ ಎದೆಗೆ ಒರಗಿಸಿಕೊಳ್ಳುವುದನ್ನೂ ಸಿಸ್ಟರುಗಳೇ ಕಲಿಸಿದರು. ಇನ್‌ಕ್ಯುಬೇಟರ್ ಸಾಲದೆ ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಡಾ. ಎಡ್ಗರ್ ರೇ ಶುರು ಮಾಡಿದ ಕಾಂಗರೂ ಆರೈಕೆ ಇದು. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು: ಒಂದು ಕಿಲೋದಿಂದ 1,800 ಗ್ರಾಂ ಒಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಕೊಟ್ಟರೆ ಮೊದಲ ತಿಂಗಳ ಸಾವು ಕಾಲು ಭಾಗ ಇಳಿಯುತ್ತದೆ. ಅಜ್ಜಿಗೆ ಮೊದಮೊದಲು ಇದು ಸರಿ ಕಂಡಿರಲಿಲ್ಲ, ಹಸಿ ಬಾಣಂತಿ ಗಂಟೆಗಟ್ಟಲೆ ಕೂರುವುದೇ ಎಂದು. ಹಿರಿಯ ಸಿಸ್ಟರ್ ಗದರಲಿಲ್ಲ. ಮಗುವಿನ ಕಾಲು ಮುಟ್ಟಿಸಿ, ಎದೆಗೆ ಹಾಕಿದ ಮೇಲೆ ಮತ್ತೆ ಮುಟ್ಟಿಸಿದರು. ತಣ್ಣಗಿದ್ದ ಪಾದ ಬೆಚ್ಚಗಾಗಿತ್ತು. ಮಾರನೆಯ ದಿನದಿಂದ ಸೊಸೆಯ ಬೆನ್ನಿಗೆ ದಿಂಬು ಕೊಡುವ ಕೆಲಸ ಅಜ್ಜಿಯದೇ.

ಕಣ್ಣಿನ ಪರೀಕ್ಷೆಯೂ ಆಗಿದೆ. ಬೇಗ ಹುಟ್ಟಿದ ಮಗುವಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದರೆ ಕುರುಡು ಬರಬಹುದು. ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ತಿಂಗಳೊಳಗೆ ಕಣ್ಣು ತೋರಿಸಲೇಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಕಟ್ಟಿದ ಕಿಡ್‌ರಾಪ್ ಯೋಜನೆಯಿಂದಾಗಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಘಟಕಗಳಿಗೇ ಹೋಗತೊಡಗಿದರು. ಚಿತ್ರವನ್ನು ತಜ್ಞರು ದೂರದಿಂದಲೇ ನೋಡುತ್ತಾರೆ. ಇಂಥವರಿಗೂ ಸಲ್ಲಬೇಕಾದ ಕೃತಜ್ಞತೆ ಅವರನ್ನು ಮುಟ್ಟುವುದು ಅಪರೂಪ. ಡಿಸ್ಚಾರ್ಜ್ ದಿನ ನಾವು ದೊಡ್ಡ ಡಾಕ್ಟರಿಗೆ ಕೈಮುಗಿದು ಹೊರಟುಬಿಡುತ್ತೇವೆ. ನಂಜು ತಗುಲದಂತೆ ನೆಲ ಒರೆಸಿದ ಆಯಾಳಿಗೆ ಯಾರು ಮುಗಿದಾರು?

ತಕ್ಕಡಿ ನಾಲ್ಕು ಕಿಲೋ ಹತ್ತಿರ ತೋರಿಸುತ್ತದೆ. ಸಿಸ್ಟರ್ ಮಗುವಿನ ಚೀಟಿಯಲ್ಲಿ ಬರೆದುಕೊಂಡು, ಇನ್ನೊಮ್ಮೆ ನೋಡಿ ನಗುತ್ತಾರೆ. ಅಜ್ಜಿ ಚೀಲ ಮುಂದೆ ಮಾಡುತ್ತಾರೆ. "ಬೇಡಮ್ಮ, ಮನೇಲಿ ಬಾಣಂತಿಗೆ ಹಾಕಿ" ಎಂದ ಸಿಸ್ಟರ್, "ಬೇರೆ ಒಂದು ಕೆಲಸ ಇದೆ, ನಿಮ್ಮ ಸೊಸೆ ಮಾಡ್ಲಿ" ಎನ್ನುತ್ತಾರೆ. ಒಳಗೆ ಮಳವಳ್ಳಿ ಕಡೆಯ ಎಳೆಯ ತಾಯಿಯೊಬ್ಬಳು ನಿನ್ನೆಯಿಂದ ಅಳುತ್ತಿದ್ದಾಳಂತೆ. ಒಳಲೆಯಲ್ಲಿ ಹಾಲು ಕುಡಿಸಲು ಅವಳಿಗೆ ಕೈ ನಡುಗುತ್ತದೆ.

ಮಗುವನ್ನು ಅಜ್ಜಿಗೆ ಕೊಟ್ಟು ನಮ್ಮ ಹುಡುಗಿ ಮತ್ತೆ ಕೈ ತೊಳೆದು ಒಳಗೆ ಹೋಗುತ್ತಾಳೆ. ತೆರೆದ ಬಾಗಿಲಿನಿಂದ ಅವಳ ಮಾತು ಕೇಳಿಸುತ್ತದೆ: "ತಲೆ ವಸಿ ಮೇಲೆತ್ತಿ ಇಟ್ಕೊ ಅಕ್ಕ. ಹಾಲು ಗಂಟಲಿಗೆ ಸುರೀಬೇಡ, ಕೆನ್ನೆ ಒಳಗಡೆಗೆ ಬಿಡು. ನುಂಗಿದ ಮೇಲೆ ಇನ್ನೊಂದು ಹನಿ. ನಂದೂ ಹಿಂಗೇ ಇತ್ತು, ಆಚೆ ಅವ್ರಜ್ಜಿ ತಾವ ಐತೆ, ಆಮೇಲೆ ತೋರುಸ್ತೀನಿ."

ಫಾರಂ ಕಡೆಯ ಬಸ್ಸು ಹೊರಟುಹೋಯಿತು. ಮುಂದಿನದಕ್ಕೆ ಹೋದರಾಯಿತು ಎಂದು ಅಜ್ಜಿ ಬೆಂಚಿನ ಮೇಲೆ ಕೂತು, ಬೆಲ್ಲದ ಚೀಲ ಬಿಚ್ಚಿ, ಕಾಯುತ್ತಿದ್ದ ಬೇರೆ ಅಜ್ಜಿಯರಿಗೆ ಒಂದೊಂದು ಅಚ್ಚು ಹಂಚತೊಡಗುತ್ತಾರೆ.