ಬೇಸಿಗೆ ಕೊನೆಗೆ ಹೊಸೂರಲ್ಲಿ ಬಿಡಾರ, ಬೆಟ್ಟಕ್ಕೆ ಬೆಳಗಿನ ಸವಾರಿ

ಹೊಸೂರು: ಮಕ್ಕಳ ರಜೆ ಮುಗೀತಾ ಬಂತು. ಊಟಿ, ಕೊಡೈಕೆನಾಲ್‌ಗೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಕಡ್ಡಾಯವಾದ ಮೇಲೆ ದಿಢೀರನೆ ಹೊರಡುವುದು ಕಷ್ಟ. ಅಂಥವರು ಎರಡು ರಾತ್ರಿ ಹೊಸೂರಿನಲ್ಲೇ ತಂಗಬಹುದು.

ಮೊದಲ ಸಂಜೆಗೆ ಊರೊಳಗಿನ ಚಂದ್ರಚೂಡೇಶ್ವರ ಬೆಟ್ಟ ಸಾಕು. ಮರುದಿನ ಸುಮಾರು 30 ಕಿ.ಮೀ. ದೂರದ ರಾಯಕೋಟೆ, 1791ರಲ್ಲಿ ಟಿಪ್ಪುವಿನ ಕೈತಪ್ಪಿ ಬ್ರಿಟಿಷರ ಪಾಲಾದ ದುರ್ಗವಿದು. ಸೇಲಂ ಮಾರ್ಗದ ರೈಲೂ ಇದೆ. ಮೂರನೇ ದಿನ ಸುಮಾರು 50 ಕಿ.ಮೀ. ದೂರದ ಕೃಷ್ಣಗಿರಿ ಕೋಟೆ. ಬರುವಾಗ ಮಾವಿನಹಣ್ಣು ಮರೀಬೇಡಿ.

ಎರಡೂ ಬಂಡೆಗುಡ್ಡ, ನೆರಳು ಕಡಿಮೆ. ಕುಡಿಯುವ ನೀರು ಕೆಳಗಿನಿಂದಲೇ ಒಯ್ಯಬೇಕು. ಬೆಳಕು ಹರಿಯುತ್ತಲೇ ಹತ್ತಿ, ಬಿಸಿಲೇರುವ ಮೊದಲು ಇಳಿಯಿರಿ. ಮೇ ಕೊನೆಗೆ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು ಸಾಮಾನ್ಯ; ಒದ್ದೆ ಬಂಡೆ ಜಾರುತ್ತೆ. ಮೋಡ ಕಟ್ಟಿದರೆ ತುದಿ ಮುಟ್ಟುವ ಹಟ ಬೇಡ. ಕೋಟೆ ಎಲ್ಲೂ ಓಡಿಹೋಗಲ್ಲ.