ಅಂಬಾಸಿಡರ್ ಹೋಸುಗಳಿಗೆ ಒಳಗಿನಿಂದ ಬರುವ ಮುಪ್ಪು

ಅಂಬಾಸಿಡರ್ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಆದರೂ ಕರ್ನಾಟಕದ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಅದು ಇಂದಿಗೂ ಇದೆ. ವಾರಕ್ಕೊಮ್ಮೆ ಹೊರಗೆ ತೆಗೆದು, ಒರೆಸಿ, ಒಂದು ಸುತ್ತು ಹೊಡೆದು ಮತ್ತೆ ಒಳಗಿಡುತ್ತಾರೆ. ಇಷ್ಟು ಕಡಿಮೆ ಓಡುವ ಗಾಡಿಗೆ ಏನಾದೀತು ಎಂಬ ಧೈರ್ಯವೇ ಅದರ ರೇಡಿಯೇಟರ್ ಹೋಸುಗಳಿಗೆ ಮುಳುವು. ರಬ್ಬರ್ ಹಳತಾಗುವುದು ಕಿಲೋಮೀಟರಿನ ಲೆಕ್ಕದಲ್ಲಿ ಮಾತ್ರವಲ್ಲ, ವರ್ಷದ ಲೆಕ್ಕದಲ್ಲೂ.

ಬಾನೆಟ್ ಎತ್ತಿದರೆ ಎರಡು ದಪ್ಪ ಹೋಸುಗಳು ಕಾಣುತ್ತವೆ. ಎಂಜಿನ್ನಿನ ಬಿಸಿನೀರನ್ನು ಥರ್ಮೋಸ್ಟಾಟ್ ಬಳಿಯಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಒಯ್ಯುವುದು ಮೇಲಿನದು. ತಣಿದ ನೀರನ್ನು ತಳದಿಂದ ವಾಟರ್ ಪಂಪಿಗೆ ತರುವುದು ಕೆಳಗಿನದು. ಇಡೀ ವ್ಯವಸ್ಥೆಯನ್ನು ರೇಡಿಯೇಟರಿನ ಮುಚ್ಚಳ ಒತ್ತಡದಲ್ಲಿ ಹಿಡಿದಿಡುತ್ತದೆ. ಪ್ರತಿ ಪಿಎಸ್‌ಐ ಒತ್ತಡಕ್ಕೆ ನೀರಿನ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ. 7 ಪಿಎಸ್‌ಐ ಮುಚ್ಚಳವಿದ್ದರೆ, 100 ಡಿಗ್ರಿಗೆ ಕುದಿಯಬೇಕಾದ ನೀರು 110ರವರೆಗೂ ತಡೆದುಕೊಳ್ಳುತ್ತದೆ. ಹೋಸ್ ಸೀಳಿದರೆ ಆ ಒತ್ತಡ ಹೋಗಿ ನೀರು ಒಮ್ಮೆಲೇ ಕುದಿದು ಹೊರಚೆಲ್ಲುತ್ತದೆ. ಚಾರ್ಮಾಡಿ ಘಾಟಿಯ ಏರಿನಲ್ಲಿ ಹೀಗಾಗಿ, ಗಾಡಿಯನ್ನು ಕೂಡಲೇ ನಿಲ್ಲಿಸದಿದ್ದರೆ ಹೆಡ್ ಗ್ಯಾಸ್ಕೆಟ್ ಉಳಿಯುವುದು ಕಷ್ಟ.

ಪರೀಕ್ಷೆಗೆ ಕಣ್ಣಿಗಿಂತ ಬೆರಳನ್ನು ನಂಬಿ. ಹೊರಮೈ ಕಪ್ಪಗೆ ಮಿನುಗುತ್ತಿದ್ದರೂ ಒಳಗೆ ರಬ್ಬರ್ ಸೀಳಿರಬಹುದು. ಲೋಹದ ಕೊಳವೆ, ಕೂಲಂಟ್, ರಬ್ಬರ್ ಮೂರೂ ಸೇರಿ ಒಂದು ಸಣ್ಣ ಬ್ಯಾಟರಿಯಂತೆ ವರ್ತಿಸುತ್ತವೆ. ಆ ವಿದ್ಯುತ್ ರಾಸಾಯನಿಕ ಕ್ರಿಯೆ ಹೋಸಿನ ಒಳಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿಸುತ್ತದೆ, ಅದೂ ಹೆಚ್ಚಾಗಿ ತುದಿಗಳ ಹತ್ತಿರ. ಅದಕ್ಕೇ ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಹೋಸನ್ನು ಬಿಗಿದಿರುವ ಕ್ಲಿಪ್ಪಿನಿಂದ ಎರಡಿಂಚಿನೊಳಗೆ ಹೆಬ್ಬೆರಳು, ತೋರುಬೆರಳಿನಿಂದ ಹಿಸುಕಿ. ಆಮೇಲೆ ನಡುಭಾಗವನ್ನು ಹಿಸುಕಿ. ತುದಿ ನಡುವಿಗಿಂತ ಮೆತ್ತಗಿದ್ದರೆ, ಹಿಸುಕಿದಾಗ ಚರಚರ ಸದ್ದು ಬಂದರೆ, ಅಥವಾ ಕಟ್ಟಿಗೆಯಂತೆ ಗಟ್ಟಿಯಾಗಿದ್ದರೆ ಆ ಹೋಸಿನ ಕಾಲ ಮುಗಿಯಿತು. ಎಣ್ಣೆ ತಾಗಿ ಉಬ್ಬಿ ಅಂಟಂಟಾಗಿದ್ದರೂ ಅಷ್ಟೇ. ಮೊದಲು ಎಣ್ಣೆಯ ಸೋರಿಕೆ ನಿಲ್ಲಿಸಿ, ಆಮೇಲೆ ಹೊಸತು ಹಾಕಿ.

ಕೆಳಗಿನ ಹೋಸಿನ ತೊಂದರೆ ಬೇರೆ. ಪಂಪು ಅದರಿಂದ ನೀರನ್ನು ಹೀರುವುದರಿಂದ, ಮೆತ್ತಗಾದ ಹೋಸ್ ವೇಗ ಹೆಚ್ಚಿದಾಗ ಚಪ್ಪಟೆಯಾಗಿ ನೀರಿನ ದಾರಿ ಕಟ್ಟಬಹುದು. ನಿಂತಲ್ಲಿ ಸರಿಯಿದ್ದ ಗಾಡಿ ಹೆದ್ದಾರಿಯಲ್ಲಿ ಮಾತ್ರ ಹೀಟ್ ಆದರೆ ಇದನ್ನೂ ಅನುಮಾನಿಸಿ. ಕೆಲವು ಹೋಸುಗಳ ಒಳಗೆ ಸ್ಪ್ರಿಂಗ್ ಇರುವುದು ಇದನ್ನು ತಡೆಯಲಿಕ್ಕೇ. ಹಳೆಯದರಲ್ಲಿ ಸ್ಪ್ರಿಂಗ್ ಇದ್ದು ಹೊಸದರಲ್ಲಿ ಇಲ್ಲದಿದ್ದರೆ ಅಂಗಡಿಯವನನ್ನು ಕೇಳದೆ ಬರಬೇಡಿ.

ಅಂಬಾಸಿಡರ್ ಎಂದರೆ ಒಂದೇ ಎಂಜಿನ್ ಅಲ್ಲ. 1489 ಸಿಸಿ ಪೆಟ್ರೋಲ್, ಡೀಸೆಲ್, ಇಸುಜು ಹೀಗೆ ಬೇರೆ ಬೇರೆ ಇವೆ, ಹೋಸಿನ ಬಾಗುವಿಕೆಯೂ ಬೇರೆ. ಹೊಸ ಹೋಸ್ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಸುಕ್ಕುಸುಕ್ಕಾದ ಬಗ್ಗಿಸುವ ಹೋಸ್ ದಾರಿಯಲ್ಲಿ ಮನೆ ಮುಟ್ಟಿಸಲು ಸಾಕು; ಖಾಯಂ ಬಳಕೆಗೆ ಅಚ್ಚಿನಲ್ಲಿ ಬಾಗಿಸಿದ್ದೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಟಿಕೊಂಡ ಹಳೆಯ ಹೋಸನ್ನು ತಿರುಚಿ ಎಳೆಯಬೇಡಿ. ರೇಡಿಯೇಟರಿನ ಹಿತ್ತಾಳೆ ಮೂತಿಯನ್ನು ಕೂರಿಸಿರುವುದು ಬೆಸುಗೆಯಿಂದ, ಅದು ಬಿಟ್ಟುಬಂದೀತು. ಹೋಸನ್ನು ಉದ್ದಕ್ಕೆ ಸೀಳಿ ಬಿಡಿಸಿ. ಮೂತಿಯ ಕಿಲುಬನ್ನು ಎಮರಿ ಪೇಪರಿನಿಂದ ಉಜ್ಜಿ. ಹೊಸದನ್ನು ಜಾರಿಸಲು ಗ್ರೀಸ್ ಹಚ್ಚಬೇಡಿ, ಸೋಪಿನ ನೀರು ಸಾಕು. ಕ್ಲಿಪ್ ಮೂತಿಯ ಉಬ್ಬಿನಿಂದ ಒಳಗಡೆ ಕೂರಬೇಕು. ರಬ್ಬರನ್ನು ಕೊಯ್ಯುವಷ್ಟು ಬಿಗಿಯಬಾರದು.

ರೇಡಿಯೇಟರನ್ನು ಮತ್ತೆ ತುಂಬಲು ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ರೇಡಿಯೇಟರಿನಲ್ಲಿ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬೆರೆಸಿ ತುಂಬಿ. ಇಳಿಸಿದ ಹಳೆಯ ಕೂಲಂಟನ್ನು ಅಂಗಳದಲ್ಲಿ ಬಿಡಬೇಡಿ: ಅದರ ಸಿಹಿಗೆ ನಾಯಿ, ಬೆಕ್ಕು ನೆಕ್ಕುತ್ತವೆ, ಅದು ವಿಷ.

ಮೊದಲ ಕೆಲವು ಓಟಗಳ ನಂತರ ರಬ್ಬರ್ ಕೊಂಚ ಕುಗ್ಗಿರುತ್ತದೆ. ಎಂಜಿನ್ ತಣಿದ ಮೇಲೆ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿಮಾಡಿ. ಹೋಸಿನ ಮೇಲೆ ಬಿಳಿ ಪೇಂಟಿನಲ್ಲಿ ತಿಂಗಳು, ವರ್ಷ ಬರೆದಿಡಿ. ಐದು ವರ್ಷವಾದರೆ, ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ.