ಅಘನಾಶಿನಿಯ ಸುಣ್ಣದ ಲೆಕ್ಕ

ಕುಮಟಾ ತಾಲ್ಲೂಕಿನ ತದಡಿಯ ಆಸುಪಾಸಿನಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಅಳಿವೆಗೆ ಇಳಿದು, ಬಗ್ಗಿ ಬಗ್ಗಿ ಬೆಳಚು ಹೆಕ್ಕುತ್ತಾರೆ. ಒಳಗಿನ ಮಾಂಸ ಅಡುಗೆಮನೆಗೆ, ಚಿಪ್ಪು ಸುಣ್ಣಕ್ಕೆ. ಕರಾವಳಿಯ ಎಷ್ಟೋ ಹಳೆಯ ಗೋಡೆಗಳು ಬೆಳ್ಳಗಾದದ್ದು, ಎಷ್ಟೋ ಕವಳಗಳು ಕೆಂಪಾದದ್ದು ಇಂಥ ಚಿಪ್ಪು ಸುಟ್ಟ ಸುಣ್ಣದಿಂದಲೇ.

ಶಾಲೆಯಲ್ಲಿ ನಾವು ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ ಎಂದು ಬಾಯಿಪಾಠ ಮಾಡಿದವರು. ನಾಲ್ಕಕ್ಕೂ ಬೇರೆ ಬೇರೆ ಪಾಠ, ಪರೀಕ್ಷೆಯಲ್ಲಿ ಬೇರೆ ಬೇರೆ ಅಂಕ. ಬೆಳಚಿನ ಚಿಪ್ಪನ್ನು ಯಾವ ಪಾಠಕ್ಕೆ ಸೇರಿಸುವುದು? ಅದು ಕ್ಯಾಲ್ಸಿಯಂ ಕಾರ್ಬೋನೇಟ್. ಕ್ಯಾಲ್ಸಿಯಂ ಎಂದೋ ಯಾವುದೋ ಬಂಡೆಯೊಳಗಿತ್ತು. ಇಂಗಾಲದ ಒಂದು ಪಾಲು ಗಾಳಿಯಲ್ಲಿ ತೇಲುತ್ತಿತ್ತು. ಎರಡನ್ನೂ ಕಡಲಿಗೆ ಹೊತ್ತು ತಂದದ್ದು ನೀರು, ಕೂಡಿಸಿ ಗಟ್ಟಿ ಮಾಡಿದ್ದು ಒಂದು ಪುಟ್ಟ ಜೀವಿ.

ಅಘನಾಶಿನಿ ಹುಟ್ಟುವುದು ಶಿರಸಿಯ ಬಳಿ. ಕಡಲು ಸೇರುವವರೆಗೆ ಹರಿಯುವುದು ಸುಮಾರು 120 ಕಿಲೋಮೀಟರ್, ಅಷ್ಟೇ. ಆದರೆ ಆ ಪುಟ್ಟ ದಾರಿಯಲ್ಲಿ ನಡೆಯುವ ವ್ಯವಹಾರ ದೊಡ್ಡದು. ಅರಬ್ಬಿ ಸಮುದ್ರದ ಮೇಲಿನಿಂದ ಬರುವ ಮುಂಗಾರಿನ ಗಾಳಿಗೆ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಮೇಲೇರಿದ ಗಾಳಿ ತಣಿದು ಮಳೆ ಸುರಿಸುತ್ತದೆ. ಬೀಳುವ ಹನಿ ದಾರಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರಾ ಸೌಮ್ಯವಾದ ಆಮ್ಲವಾಗಿರುತ್ತದೆ. ಕಾಡಿನ ನೆಲಕ್ಕೆ ಇಳಿದ ಮೇಲೆ ಅದರ ಹುಳಿ ಇನ್ನೂ ಹೆಚ್ಚುತ್ತದೆ, ಏಕೆಂದರೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಈ ಅನಿಲ ಹೊರಗಿಗಿಂತ ಹತ್ತಾರು ಪಟ್ಟು ಇರುತ್ತದೆ. ಆ ಹುಳಿನೀರು ಬಂಡೆಯನ್ನು ಸಾವಕಾಶವಾಗಿ ತಿನ್ನುತ್ತದೆ. ಉಳಿದದ್ದು ಮಣ್ಣಾಗುತ್ತದೆ, ಕರಗಿದ್ದು ಹೊಳೆ ಸೇರುತ್ತದೆ. ಅಂದರೆ ಕಲ್ಲು ಕರಗಿಸುವ ಕೆಲಸದಲ್ಲಿ ರಾಂಪತ್ರೆ ಜಡ್ಡಿಯ, ಅಂದರೆ ಕಾಡಿನ ಜೌಗಿನ, ಮರಗಳಿಗೂ ಪಾಲಿದೆ, ಅಡಿಕೆ ತೋಟಕ್ಕೆ ದರಕು (ಒಣ ಎಲೆ) ಕೊಡುವ ಸೊಪ್ಪಿನ ಬೆಟ್ಟಕ್ಕೂ ಪಾಲಿದೆ. ಜೀವವೇ ಭೂಮಿಯ ಮೈಯನ್ನು ತಿದ್ದುವ ದೊಡ್ಡ ಶಕ್ತಿ ಎಂದು ರಷ್ಯಾದ ವಿಜ್ಞಾನಿ ವ್ಲಾದಿಮಿರ್ ವೆರ್ನಾಡ್‌ಸ್ಕಿ 1926ರಲ್ಲೇ ಪುಸ್ತಕ ಬರೆದು ವಾದಿಸಿದ್ದ. ಅವನ ಮಾತು ಪಠ್ಯಪುಸ್ತಕದ ಅಧ್ಯಾಯಗಳ ನಡುವಿನ ಗೋಡೆಯನ್ನು ಇನ್ನೂ ಒಡೆದಿಲ್ಲ.

ಇದೇ ಕಣಿವೆಯ ಯಾಣಕ್ಕೆ ಹೋದವರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಕತ್ತೆತ್ತಿ ನೋಡಿರುತ್ತೀರಿ. ಕಪ್ಪಗೆ ಕಂಡರೂ ಅದು ಸುಣ್ಣದಕಲ್ಲು. ಎಂದಿನದೋ ಕಡಲಿನಲ್ಲಿ ಕೂಡಿದ ಸುಣ್ಣ, ಭೂಮಿಯೊಳಗೆ ಅದುಮಿಸಿಕೊಂಡು, ಕಾದು, ಮೇಲೆದ್ದು, ಈಗ ಮಳೆಗೆ ಕರಗುತ್ತ ಮತ್ತೆ ಕಡಲಿನ ದಾರಿ ಹಿಡಿದಿದೆ. ಕಡಲ ತಳದ ಇಂಗಾಲ ಎಲ್ಲವೂ ಹೀಗೆ ಬೆಟ್ಟವಾಗುವುದಿಲ್ಲ. ಭೂಫಲಕಗಳ ಜೊತೆ ಆಳಕ್ಕೆ ಜಾರಿದ್ದರಲ್ಲಿ ಒಂದಷ್ಟು ಜ್ವಾಲಾಮುಖಿಯ ಬಾಯಿಂದ ಮತ್ತೆ ಗಾಳಿ ಸೇರುತ್ತದೆ. ಭೂಮಿ ತೀರಾ ಸುಡದೆ, ತೀರಾ ಹೆಪ್ಪುಗಟ್ಟದೆ ಉಳಿದದ್ದರಲ್ಲಿ ಲಕ್ಷಾಂತರ ವರ್ಷಗಳ ಈ ಕೊಡುಕೊಳ್ಳುವಿಕೆಯ ಪಾತ್ರ ದೊಡ್ಡದು.

ನಮ್ಮ ಅವಸರ ಬೇರೆಯದು. ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ನಾವು ಬಿಟ್ಟ ಹೊಗೆಯಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ನುಂಗುತ್ತದೆ, ನುಂಗಿ ತಾನೂ ಹುಳಿಯಾಗುತ್ತದೆ. ಹುಳಿ ಹೆಚ್ಚಿದಷ್ಟೂ ಚಿಪ್ಪು ಕಟ್ಟುವ ಜೀವಿಗಳಿಗೆ ಕಷ್ಟ. ಊರೂರಿನ ಮೋಟರು, ಕಾರ್ಖಾನೆಗಳ ಹೊಗೆ ಬೆಳಚಿನ ಚಿಪ್ಪಿನವರೆಗೂ ತಲುಪುವ ಬಗೆ ಇದು.

ಅಳಿವೆಯಲ್ಲಿ ಲೆಕ್ಕ ಇನ್ನೂ ನಾಜೂಕು. ಉಬ್ಬರ ತರುವ ಉಪ್ಪು, ಹೊಳೆ ತರುವ ಸಿಹಿನೀರು, ಇವೆರಡರ ಹದ ಋತುವಿಗೆ ತಕ್ಕಂತೆ ಬದಲಾಗುತ್ತಿರಬೇಕು. ಆ ಹದವನ್ನೇ ನಂಬಿ ಕಾಂಡ್ಲಾ ಗಿಡ ಬೆಳೆಯುತ್ತದೆ, ಮೀನು ಮರಿ ಮಾಡುತ್ತದೆ, ಅಳಿವೆಯಂಚಿನ ಗಜನಿ ಗದ್ದೆಯಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ತೆನೆ ಹಾಯುತ್ತದೆ. ಪಕ್ಕದ ಸಾಣಿಕಟ್ಟಾದಲ್ಲಿ ಬಿಸಿಲು, ಗಾಳಿ ಸೇರಿ ಉಪ್ಪು ಕೊಡುತ್ತವೆ. ಹದ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ, ದಕ್ಷಿಣಕ್ಕೆ ಹೊನ್ನಾವರದ ಶರಾವತಿಯನ್ನು ನೋಡಿದರೆ ಸಾಕು. ಅಲ್ಲಿ ಅಣೆಕಟ್ಟುಗಳಿಂದ, ವಿದ್ಯುತ್ತಿಗಾಗಿ, ವರ್ಷವಿಡೀ ಸಿಹಿನೀರು ಬಿಡುವುದರಿಂದ ಅಳಿವೆಯ ಉಪ್ಪು ಇಳಿಯಿತು, ಚಿಪ್ಪಿನ ಸಂಪತ್ತು ಸೊರಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ ಇದನ್ನು ದಾಖಲಿಸಿದ್ದಾರೆ. ಅಘನಾಶಿನಿಗೆ ಇನ್ನೂ ದೊಡ್ಡ ಅಣೆಕಟ್ಟು ಬಿದ್ದಿಲ್ಲ. 2024ರಲ್ಲಿ ಅದರ ಅಳಿವೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎಂಬ ಮಾನ್ಯತೆಯನ್ನೂ ಪಡೆಯಿತು.

ಇಷ್ಟಾದರೂ ಈ ನದಿಯ ನೀರನ್ನು ಪೂರ್ವಕ್ಕೆ, ಬಯಲುಸೀಮೆಯ ವೇದಾವತಿ ನದಿಯ ಕಡೆಗೆ ತಿರುಗಿಸುವ ಪ್ರಸ್ತಾಪ ಕೇಳಿಬರುತ್ತಿದೆ. ಅಲ್ಲಿಯ ಬಾಯಾರಿಕೆ ಸುಳ್ಳಲ್ಲ, ಅದರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಮಳೆನಾಡಿನವರಿಗಿಲ್ಲ. ಆದರೆ ‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ಮಾತು ಮಾತ್ರ ಶುದ್ಧ ತಪ್ಪು. ವೇದಿಕೆಯಲ್ಲಿ ಯಾರೇ ಹೇಳಲಿ, ಯಾವ ಪಕ್ಷದವರೇ ಹೇಳಲಿ, ತಪ್ಪೇ. ಯೋಜನೆಯ ವರದಿ ಬರೆಯುವವರು ಎಷ್ಟು ಟಿಎಂಸಿ ನೀರು ಸಿಗುತ್ತದೆಂದು ಬರೆಯುವ ಪುಟದಲ್ಲೇ ಎಷ್ಟು ಬೆಳಚು, ಎಷ್ಟು ಮೀನು, ಎಷ್ಟು ಕಗ್ಗ ಹೋಗುತ್ತದೆಂದೂ ಬರೆಯಲಿ. ಆ ಪುಟ ಬರೆಯುವ ಮೊದಲು ಇಳಿತದ ಹೊತ್ತು ಕೇಳಿಕೊಂಡು ಒಮ್ಮೆ ತದಡಿಗೆ ಬರಲಿ.